ಹೊಳೆ, ಹಿನ್ನೀರಿನಲ್ಲಿ ಫೋನ್ ಟ್ರ್ಯಾಕಿಂಗ್: ತೆಪ್ಪ ಹತ್ತುವ ಮುಂಚಿನಿಂದ ದಡ ಸೇರುವವರೆಗೆ

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿಗೋ ಸಾಣಾಪುರ ಕೆರೆಗೋ ಹೋಗುವ ಎಷ್ಟೋ ಜನ ಈಗ ಹಡಗು ತೋರಿಸುವ ಆ್ಯಪ್ ಹಾಕಿಕೊಂಡೇ ಬರುತ್ತಾರೆ. ತೆರೆದರೆ ನೀಲಿ ನೀರು ಮಾತ್ರ, ಒಂದು ದೋಣಿಯೂ ಕಾಣುವುದಿಲ್ಲ. ಇನ್ನು ಕೆಲವರು ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿ ತೆಪ್ಪ ಹತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಚುಕ್ಕಿ ನಿಂತುಹೋಗಿರುತ್ತದೆ. ಅದು ಇವರಿಗೂ ಗೊತ್ತಿರುವುದಿಲ್ಲ, ಮನೆಯಲ್ಲಿದ್ದವರಿಗೂ ಗೊತ್ತಿರುವುದಿಲ್ಲ. ಮತ್ತೆ ಮತ್ತೆ ಕೇಳಿಬರುವ ತಕರಾರು ಇವೆರಡೇ.

ಎರಡರಲ್ಲೂ ಫೋನಿನ ತಪ್ಪಿಲ್ಲ, ಕ್ರಮ ತಪ್ಪಿರುತ್ತದೆ. ಮೊದಲು ದಡದಲ್ಲಿ ಕೂತು ನೋಡುವ ಒಬ್ಬ ಮನುಷ್ಯ ಬೇಕು. ಆಮೇಲೆ ಫೋನಿನ ಸೆಟ್ಟಿಂಗ್. ಆಮೇಲೆ ನೆಲದ ಮೇಲೆ ಪರೀಕ್ಷೆ. ನೀರು ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದೆಮುಂದೆ ಮಾಡಬೇಡಿ.

ಹಂತ 1: ನಿಮಗೆ ಬೇಕಾದ ಟ್ರ್ಯಾಕಿಂಗ್ ಯಾವುದು?

ಫೋನಿನಲ್ಲಿ ದೋಣಿ ಟ್ರ್ಯಾಕ್ ಮಾಡುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಎರಡೂ ಒಂದೇ ಅಂದುಕೊಂಡಾಗಲೇ ಎಡವಟ್ಟು ಶುರುವಾಗುತ್ತದೆ.

ಮೊದಲನೆಯದು ಮರೀನ್‌ಟ್ರಾಫಿಕ್, ವೆಸೆಲ್‌ಫೈಂಡರ್ ತರಹದ ಆ್ಯಪ್‌ಗಳು. ಇವು ಎಐಎಸ್ ಎಂಬ ರೇಡಿಯೊ ವ್ಯವಸ್ಥೆಯನ್ನು ನಂಬಿಕೊಂಡಿವೆ. ಹಡಗಿನಲ್ಲಿರುವ ಒಂದು ಯಂತ್ರ ಹಡಗಿನ ಹೆಸರು, 9 ಅಂಕಿಯ ಗುರುತಿನ ಸಂಖ್ಯೆ, ಇರುವ ಜಾಗ, ವೇಗ, ದಿಕ್ಕು ಎಲ್ಲವನ್ನೂ ವಿಎಚ್‌ಎಫ್ ರೇಡಿಯೊದಲ್ಲಿ ಸಾರುತ್ತಿರುತ್ತದೆ. ಚಲಿಸುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ ಸಾರಿದರೆ, ಲಂಗರು ಹಾಕಿದ್ದು 3 ನಿಮಿಷಕ್ಕೊಮ್ಮೆ. ಕರಾವಳಿಯ ರಿಸೀವರ್‌ಗಳು ಅಥವಾ ಉಪಗ್ರಹಗಳು ಅದನ್ನು ಹಿಡಿದು ಇಂಟರ್ನೆಟ್ಟಿಗೆ ಹಾಕುತ್ತವೆ. ನಿಮ್ಮ ಆ್ಯಪ್ ಅದನ್ನು ಓದಿ ನಕ್ಷೆಯ ಮೇಲೆ ತೋರಿಸುತ್ತದೆ, ಅಷ್ಟೇ.

ಫೋನಿನೊಳಗೆ ಆ ರೇಡಿಯೊ ಇಲ್ಲ. ಹಾಗಾಗಿ ಆ ಆ್ಯಪ್ ಹಾಕಿಕೊಂಡ ಮಾತ್ರಕ್ಕೆ ನೀವು ಯಾರಿಗೂ ಕಾಣುವುದಿಲ್ಲ. ರೈಲು ಎಲ್ಲಿದೆ ಅಂತ ಆ್ಯಪ್‌ನಲ್ಲಿ ನೋಡಿದರೆ ರೈಲು ಹತ್ತಿದಂತೆ ಆಗುವುದಿಲ್ಲ, ಅಲ್ವಾ? ನಮ್ಮ ತೆಪ್ಪ, ಹರಿಗೋಲು, ಮೀನುಗಾರರ ಸಣ್ಣ ದೋಣಿಗಳಲ್ಲೂ ಆ ಯಂತ್ರ ಇಲ್ಲ. ಹಾಗಾಗಿ ತುಂಗಭದ್ರಾ ಹಿನ್ನೀರಿನಲ್ಲಿ ನಕ್ಷೆ ಖಾಲಿ ಕಂಡರೆ ಆ್ಯಪ್ ಕೆಟ್ಟಿಲ್ಲ. ತೋರಿಸುವುದಕ್ಕೆ ಅಲ್ಲಿ ಏನೂ ಇಲ್ಲ.

ಎರಡನೆಯದು ನಿಮ್ಮದೇ ಜಾಗವನ್ನು ಫೋನಿನ ಜಿಪಿಎಸ್‌ನಿಂದ ಹಿಡಿದು, ನೀವು ಹೋದ ದಾರಿ ಬರೆದಿಟ್ಟುಕೊಳ್ಳುವುದು ಮತ್ತು ದಡದಲ್ಲಿರುವವರಿಗೆ ಕಾಣುವಂತೆ ಮಾಡುವುದು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ನೀರಿನಲ್ಲಿ ಬೇಕಾಗಿರುವುದು ಇದು. ಇನ್ನು ಮುಂದೆ ಬರೆದಿರುವುದೆಲ್ಲ ಇದರ ಬಗ್ಗೆಯೇ. ಕಡಲಿಗೆ ಹೋಗುವವರಿಗೆ ಕೊನೆಯ ಕಡೆಗೆ ಒಂದು ಭಾಗ ಇದೆ.

ಇದರಲ್ಲೂ ಒಂದು ಗೊಂದಲ ಇದೆ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ. ಫೋನ್ ಉಪಗ್ರಹದ ಸಿಗ್ನಲ್ ಕೇಳಿಸಿಕೊಂಡು ತಾನೇ ಲೆಕ್ಕ ಹಾಕುತ್ತದೆ. ಆದರೆ ಆ ಜಾಗವನ್ನು ಬೇರೆಯವರಿಗೆ ಕಳಿಸಲು ನೆಟ್‌ವರ್ಕ್ ಬೇಕೇ ಬೇಕು. ಆದ್ದರಿಂದ ಎರಡು ಆ್ಯಪ್ ಒಟ್ಟಿಗೆ ನಡೆಯಬೇಕು. ದಾರಿ ಬರೆದಿಡುವ ಒಂದು, ಅದು ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಜಾಗ ಹಂಚುವ ಇನ್ನೊಂದು, ಅದು ನೆಟ್‌ವರ್ಕ್ ಇದ್ದಾಗ ಮಾತ್ರ ನಡೆಯುತ್ತದೆ.

ಹಂತ 2: ದಡದಲ್ಲಿ ಒಬ್ಬರನ್ನು ಗೊತ್ತು ಮಾಡಿ

ಎಲ್ಲಕ್ಕಿಂತ ದೊಡ್ಡ ಹಂತ ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಲೈವ್ ಲೊಕೇಶನ್ ಕಳಿಸಿದರೆ ಕಾವಲು ಸಿಕ್ಕಂತೆ ಅಂದುಕೊಳ್ಳುತ್ತಾರೆ. ಯಾರೂ ನೋಡದ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮನೆಯ ಗ್ರೂಪಿಗೆ ಲೊಕೇಶನ್ ಹಾಕಬೇಡಿ. ಗ್ರೂಪಿನಲ್ಲಿ ಇಪ್ಪತ್ತು ಮಂದಿ ಇದ್ದರೆ ಬೇರೆ ಯಾರಾದರೂ ನೋಡುತ್ತಿರುತ್ತಾರೆ ಅಂತ ಇಪ್ಪತ್ತೂ ಮಂದಿ ಸುಮ್ಮನಿರುತ್ತಾರೆ. ಒಬ್ಬರಿಗೆ, ಅವರ ನಂಬರಿಗೇ ಕಳಿಸಿ. ಅವರು ನಿಮ್ಮ ಜೊತೆ ಇನ್ನೊಂದು ತೆಪ್ಪದಲ್ಲಿ ಇರಬಾರದು. ಆ ಹೊತ್ತಿನಲ್ಲಿ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಇರಬಾರದು. ಫೋನಿನಲ್ಲಿ ಚಾರ್ಜ್ ಇರಬೇಕು, ಡೇಟಾ ಇರಬೇಕು, ಫೋನ್ ಮಾಡಿ ಕೇಳುವುದಕ್ಕೆ ಸಂಕೋಚ ಇರಬಾರದು.

ಅವರಿಗೆ ಹೇಳಬೇಕಾದ್ದು ಐದು ವಿಷಯ: ಎಲ್ಲಿ ಇಳಿಯುತ್ತೀರಿ, ಎಷ್ಟು ಮಂದಿ, ಯಾರ ತೆಪ್ಪ, ಎಷ್ಟು ಗಂಟೆಗೆ ವಾಪಸ್, ಎಷ್ಟು ಗಂಟೆ ಮೀರಿದರೆ ಏನು ಮಾಡಬೇಕು. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ, ಮೆಸೇಜ್ ಹಾಕಿ. ಹೀಗೆ:

"ಅಣ್ಣಾ, ಸಾಣಾಪುರದಾಗ ನೀರಿಗೆ ಇಳೀಲಿಕ್ಕತ್ತೀವಿ. ನಾಕು ಮಂದಿ ಅದೀವಿ, ಒಂದ ತೆಪ್ಪ. ಹತ್ತೂವರಿಗೆ ದಡಕ್ಕ ಬರ್ತೀವಿ. ಹನ್ನೊಂದಾದ್ರೂ ನನ್ನ ಫೋನ್ ಬರ್ಲಿಲ್ಲ ಅಂದ್ರ ಮೊದ್ಲು ನನಗ ಹಚ್ಚು, ಆಮ್ಯಾಲ ತೆಪ್ಪದವ್ರಿಗೆ ಹಚ್ಚು. ಇಬ್ಬರೂ ಎತ್ತಲಿಲ್ಲಂದ್ರ 112ಕ್ಕ ಹಚ್ಚಿಬಿಡು, ನನ್ನ ಕಾಯಬ್ಯಾಡ."

ಕೊನೆಯ ಸಾಲು ಬೇಕೇ ಬೇಕು. 'ಸುಮ್ನೆ ಗಾಬರಿ ಮಾಡಿದಂಗ ಆಗ್ತದೇನೋ' ಅಂತ ಜನ ಹಿಂಜರಿಯುತ್ತಾರೆ. ನೀವೇ ಮುಂಚೆ ಹೇಳಿಟ್ಟಿದ್ದರೆ ಅವರು ಯೋಚನೆ ಮಾಡುತ್ತಾ ಕೂರುವುದಿಲ್ಲ.

ಹಂತ 3: ಸಾಮಾನು

ಫೋನ್ ಎರಡಿರಲಿ, ಎರಡರ ಸಿಮ್ಮೂ ಬೇರೆ ಬೇರೆ ಕಂಪನಿಯದ್ದಾಗಿರಲಿ. ಆನೆಗೊಂದಿ, ಸಾಣಾಪುರದ ಬಂಡೆಗುಡ್ಡಗಳ ನಡುವೆ ಒಂದು ಕಂಪನಿಯ ಸಿಗ್ನಲ್ ಸತ್ತಲ್ಲಿ ಇನ್ನೊಂದರದ್ದು ಸಿಗುವುದುಂಟು. ಒಂದು ಪವರ್ ಬ್ಯಾಂಕ್, ಕುತ್ತಿಗೆ ದಾರ ಇರುವ ವಾಟರ್‌ಪ್ರೂಫ್ ಪೌಚ್, ಒಂದು ಒಣ ಬಟ್ಟೆ, ಒಂದು ಸೀಟಿ ತೆಗೆದುಕೊಳ್ಳಿ. ಮುಖ್ಯ ನಂಬರ್‌ಗಳನ್ನು ಬಾಲ್‌ಪೆನ್ನಿನಲ್ಲಿ ಚೀಟಿಯ ಮೇಲೆ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಫೋನ್ ಕೈಕೊಟ್ಟರೆ ಎಷ್ಟು ಜನರಿಗೆ ಇನ್ನೊಬ್ಬರ ನಂಬರ್ ಬಾಯಿಗೆ ಬರುತ್ತದೆ?

ಲೈಫ್ ಜಾಕೆಟ್ ಬಗ್ಗೆ ಒಂದೇ ಮಾತು: ಅದು ಇಲ್ಲದಿದ್ದರೆ ಈ ಲೇಖನ ಮುಂದೆ ಓದುವ ಅಗತ್ಯವೇ ಇಲ್ಲ, ನೀರಿಗೆ ಇಳಿಯಬೇಡಿ.

ಪೌಚ್ ಅಂಗಡಿಯಿಂದ ತಂದ ಹಾಗೇ ನಂಬಬೇಡಿ. ಒಳಗೆ ಟಿಶ್ಯೂ ಪೇಪರ್ ಹಾಕಿ, ಮುಚ್ಚಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಪೇಪರಿನ ಮೂಲೆ ಸ್ವಲ್ಪ ಒದ್ದೆಯಾಗಿದ್ದರೂ ಆ ಪೌಚ್ ಬೇಡ. ಆಮೇಲೆ ಫೋನಿನಷ್ಟೇ ತೂಕದ ಯಾವುದಾದರೂ ಹಳೆಯ ವಸ್ತು ಹಾಕಿ ತೇಲುತ್ತದೋ ನೋಡಿ. ಒಳಗೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿದರೆ ಸಾಮಾನ್ಯವಾಗಿ ತೇಲುತ್ತದೆ, ಗಾಳಿಯೆಲ್ಲ ಹಿಂಡಿ ಮುಚ್ಚಿದರೆ ಮುಳುಗುತ್ತದೆ. ಫೋನ್ ಮೇಲೆ ನೀರು ತಡೆಯುತ್ತದೆ ಎಂಬ ಗುರುತಾದ ಐಪಿ68 ಅಂತ ಬರೆದಿದ್ದರೂ ಪೌಚ್ ಬಿಡಬೇಡಿ. ಆ ಪರೀಕ್ಷೆ ಹೊಸ ಫೋನಿಗೆ, ನಿಂತ ಶುದ್ಧ ನೀರಿನಲ್ಲಿ ನಡೆದದ್ದು. ಎರಡು ಸಲ ಕೆಳಗೆ ಬಿದ್ದು, ಅಂಚು ಬಿಟ್ಟ ಫೋನಿಗೆ ಅದು ಅನ್ವಯಿಸುವುದಿಲ್ಲ.

ಹಂತ 4: ಮನೆಯಲ್ಲೇ ಫೋನ್ ಸಜ್ಜು ಮಾಡಿ

ಇದು ವೈಫೈ ಇರುವಲ್ಲಿ, ಹಿಂದಿನ ದಿನವೇ ಮಾಡುವ ಕೆಲಸ.

ಮೊದಲು ನಕ್ಷೆ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಬಹುದು. ಆದರೆ ದಾರಿ ಬರೆದಿಡುವುದಕ್ಕೆ ನಾನು ಹೇಳುವುದು ನಕ್ಷೆಯ ಇನ್ನೊಂದು ಆ್ಯಪ್, ಓಸ್ಮ್‌ಆ್ಯಂಡ್. ಅದರ ಟ್ರಿಪ್ ರೆಕಾರ್ಡಿಂಗ್ ಆನ್ ಮಾಡಿದರೆ ನೆಟ್‌ವರ್ಕ್ ಇಲ್ಲದೆಯೂ ನೀವು ಹೋದ ದಾರಿಯ ಗೆರೆ ಬೀಳುತ್ತಾ ಹೋಗುತ್ತದೆ, ಆಮೇಲೆ ಅದನ್ನು ಜಿಪಿಎಕ್ಸ್ ಫೈಲ್ ಆಗಿ ಉಳಿಸಬಹುದು. 5 ಅಥವಾ 10 ಸೆಕೆಂಡಿಗೊಮ್ಮೆ ಬರೆದರೆ ತೆಪ್ಪಕ್ಕೆ ಧಾರಾಳ ಸಾಕು. ಪ್ರತಿ ಸೆಕೆಂಡಿಗೂ ಬರೆಸಿದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

ಚುಕ್ಕಿ ನಿಂತುಹೋಗುವ ರೋಗದ ಬೇರು ಇರುವುದು ಪರ್ಮಿಷನ್ ಮತ್ತು ಬ್ಯಾಟರಿ ಸೆಟ್ಟಿಂಗ್‌ನಲ್ಲಿ. ಸ್ಕ್ರೀನ್ ಆರಿದ ಮೇಲೆ ಹಿಂದೆ ನಡೆಯುವ ಆ್ಯಪ್‌ಗಳನ್ನು ಫೋನ್ ಬ್ಯಾಟರಿ ಉಳಿಸಲು ತಾನೇ ನಿಲ್ಲಿಸಿಬಿಡುತ್ತದೆ. ಅದಕ್ಕೆ ಹೀಗೆ ಮಾಡಿ:

1. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಆಮೇಲೆ ವಾಟ್ಸಾಪ್ ತೆರೆಯಿರಿ. ಲೊಕೇಶನ್ ಪರ್ಮಿಷನ್ "ಅಲೌ ಆಲ್ ದ ಟೈಮ್" ಇರಲಿ. ಅದರ ಕೆಳಗಿನ "ಯೂಸ್ ಪ್ರಿಸೈಸ್ ಲೊಕೇಶನ್" ಕೂಡ ಆನ್ ಇರಲಿ. ಅದು ಆಫ್ ಇದ್ದರೆ ಫೋನ್ ನಿಮ್ಮನ್ನು ಸುಮಾರು 3 ಚದರ ಕಿಲೋಮೀಟರ್ ಪ್ರದೇಶದೊಳಗೆ ಎಲ್ಲೋ ಇದ್ದೀರಿ ಅಂತ ಮಾತ್ರ ಹೇಳುತ್ತದೆ. ಹುಡುಕುವವರಿಗೆ ಅದರಿಂದ ಉಪಯೋಗ ಇಲ್ಲ.

2. ಅಲ್ಲೇ ಬ್ಯಾಟರಿ ಅಂತ ಇರುವಲ್ಲಿ "ಅನ್‌ರಿಸ್ಟ್ರಿಕ್ಟೆಡ್" ಆಯ್ಕೆ ಮಾಡಿ. ಓಸ್ಮ್‌ಆ್ಯಂಡ್‌ಗೂ ಇದನ್ನೇ ಮಾಡಿ.

3. ಶವೋಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನ್‌ಗಳಲ್ಲಿ "ಆಟೋಸ್ಟಾರ್ಟ್" ಅಂತ ಇನ್ನೊಂದು ಸ್ವಿಚ್ ಇರುತ್ತದೆ. ಅದನ್ನೂ ಆನ್ ಮಾಡಿ. ನಮ್ಮ ಕಡೆ ಈ ಫೋನ್‌ಗಳೇ ಜಾಸ್ತಿ, ಚುಕ್ಕಿ ನಿಲ್ಲುವ ದೂರೂ ಇವುಗಳಲ್ಲೇ ಜಾಸ್ತಿ.

4. ಐಫೋನ್‌ನಲ್ಲಿ ಲೊಕೇಶನ್ "ಆಲ್ವೇಸ್" ಇರಲಿ, ಲೋ ಪವರ್ ಮೋಡ್ ಆಫ್ ಇರಲಿ.

5. ಬೆರಳಚ್ಚು ಪೌಚಿನ ಮೇಲಿನಿಂದ ಕೆಲಸ ಮಾಡುವುದಿಲ್ಲ. ಪಿನ್ ಹಾಕಿ ತೆರೆಯುವುದನ್ನು ರೂಢಿ ಮಾಡಿಕೊಳ್ಳಿ. ತೆಪ್ಪದಲ್ಲಿರುವ ಇನ್ನೊಬ್ಬರಿಗೂ ಆ ಪಿನ್ ಗೊತ್ತಿರಲಿ.

ಹಂತ 5: ನೆಲದ ಮೇಲೆ ಪರೀಕ್ಷೆ

ಫೋನನ್ನು ಪೌಚಿಗೆ ಹಾಕಿ, ಸ್ಕ್ರೀನ್ ಆರಿಸಿ, ಜೇಬಿನಲ್ಲಿಟ್ಟು ಅರ್ಧ ಗಂಟೆ ಊರು ಸುತ್ತಿ ಬನ್ನಿ. ಆ ಅರ್ಧ ಗಂಟೆ ಫೋನ್ ಮುಟ್ಟಬೇಡಿ. ಮುಟ್ಟಿದರೆ ಆ್ಯಪ್ ಎಚ್ಚರವಾಗುತ್ತದೆ, ಪರೀಕ್ಷೆ ಹಾಳಾಗುತ್ತದೆ.

ಬಂದ ಮೇಲೆ ಎರಡು ನೋಡಿ. ಓಸ್ಮ್‌ಆ್ಯಂಡ್‌ನ ಗೆರೆ ಮುರಿಯದೆ ಪೂರ್ತಿ ಬಿದ್ದಿದೆಯೇ? ದಡದ ಮನುಷ್ಯನ ಫೋನಿನಲ್ಲಿ ಚುಕ್ಕಿ ಕೊನೆಯವರೆಗೆ ನಡೆದಿದೆಯೇ? ಗೆರೆ ಇದೆ, ಚುಕ್ಕಿ ನಿಂತಿದೆ ಅಂದರೆ ವಾಟ್ಸಾಪ್‌ನ ಬ್ಯಾಟರಿ ಸೆಟ್ಟಿಂಗ್ ಅಥವಾ ಡೇಟಾದ ತೊಂದರೆ. ಗೆರೆಯಲ್ಲೇ ಒಂದು ಜಾಗದಿಂದ ಇನ್ನೊಂದಕ್ಕೆ ನೇರ ಹಾರಿದಂತೆ ಉದ್ದ ಗೀರು ಬಿದ್ದಿದ್ದರೆ ಓಸ್ಮ್‌ಆ್ಯಂಡ್ ನಡುವೆ ನಿದ್ದೆ ಹೋಗಿತ್ತು ಅಂತ ಅರ್ಥ. ಸರಿಪಡಿಸಿ, ಮತ್ತೊಮ್ಮೆ ಸುತ್ತಿ. ಈ ಪರೀಕ್ಷೆಯಲ್ಲಿ ಪಾಸಾಗದ ಫೋನ್ ನೀರಿನ ಮೇಲೂ ಪಾಸಾಗುವುದಿಲ್ಲ.

ಹಂತ 6: ನೀರಿನ ಮಟ್ಟ ನೋಡಿ, ಬಂಡೆ ಗುರುತಿಸಿ

ಫೋನಿನ ನಕ್ಷೆಯಲ್ಲಿ ಹಿನ್ನೀರಿನ ದಂಡೆ ವರ್ಷವಿಡೀ ಒಂದೇ ಕಡೆ ಇರುತ್ತದೆ. ನಿಜವಾದ ದಂಡೆ ಹಾಗಲ್ಲ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಬೇಸಿಗೆಯಲ್ಲಿ ನಕ್ಷೆ ನೀಲಿ ತೋರಿಸುವಲ್ಲಿ ಒಡೆದ ಕೆಸರು, ಮರದ ಬೊಡ್ಡೆ, ಕಲ್ಲು ಇರುತ್ತವೆ. ಮಳೆಗಾಲದ ನಂತರ ಅವೇ ನೀರಿನಡಿ ಕಣ್ಣಿಗೆ ಬೀಳದೆ ಕೂತಿರುತ್ತವೆ.

ಅದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ನೀವು ಯಾವಾಗಲೂ ಹೋಗುವ ದಂಡೆಯಲ್ಲಿ ನಡೆದು, ಎದ್ದು ಕಂಡ ಬಂಡೆ, ಬೊಡ್ಡೆಗಳನ್ನು ಆ್ಯಪ್‌ನಲ್ಲಿ ಗುರುತು ಮಾಡಿ. ಅವತ್ತಿನ ಜಲಾಶಯದ ಮಟ್ಟಕ್ಕೆ ಬಂಡೆ ನೀರಿನಿಂದ ಎಷ್ಟು ಅಡಿ ಎದ್ದಿದೆಯೋ ಅದನ್ನು ಕೂಡಿಸಿ, ಹೆಸರಿನ ಜೊತೆ ಅದರ ತುದಿಯ ಮಟ್ಟ ಬರೆಯಿರಿ. ಪತ್ರಿಕೆಯಲ್ಲಿ ಒಳಹರಿವು, ಹೊರಹರಿವಿನ ಜೊತೆ ಜಲಾಶಯದ ಮಟ್ಟ ಬರುತ್ತದೆ. "ಚೂಪು ಬಂಡೆ, ತುದಿ 1612 ಅಡಿಗೆ" ಅಂತ ಬರೆದುಕೊಂಡಿದ್ದೀರಿ ಅನ್ನಿ. ಮಟ್ಟ 1630 ಇದ್ದಾಗ ಅದು 18 ಅಡಿ ಕೆಳಗಿದೆ, ತೆಪ್ಪಕ್ಕೆ ಏನೂ ಮಾಡುವುದಿಲ್ಲ. ಮಟ್ಟ 1613 ಇದ್ದಾಗ ಅದೇ ಬಂಡೆ ಒಂದು ಅಡಿ ಕೆಳಗೆ ಕಾದು ಕೂತಿದೆ. ಮಟ್ಟ ಬರೆಯದ ಗುರುತಿಗೆ ಅರ್ಧ ಬೆಲೆ.

ಹೊಳೆಯಲ್ಲಿ ಹೋಗುವವರು ಮಟ್ಟಕ್ಕಿಂತ ಹೊರಹರಿವು ನೋಡಬೇಕು. ಡ್ಯಾಮಿನಿಂದ ನೀರು ಬಿಟ್ಟರೆ ಆನೆಗೊಂದಿ, ವಿರುಪಾಪುರಗಡ್ಡಿ ಕಡೆ ಹೊಳೆಯ ಸ್ವಭಾವವೇ ಬದಲಾಗುತ್ತದೆ. 2019ರ ಆಗಸ್ಟ್‌ನಲ್ಲಿ ವಿರುಪಾಪುರಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡು ಹೆಲಿಕಾಪ್ಟರ್ ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು, ಮುಂಚೆ ಯಾರಿಗೂ ಸೂಚನೆ ಇರಲಿಲ್ಲ. ರಾಯಚೂರು ಕಡೆ ಕೃಷ್ಣೆಗೂ ಇದೇ ಮಾತು: ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯೇ ಮುಳುಗುತ್ತದೆ. ನದಿ ಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟಿದ್ದಾರೆ ಅಂತ ಸುದ್ದಿ ಕಂಡ ದಿನ ಯಾವ ಆ್ಯಪ್ ಇದ್ದರೂ ಹೊಳೆಗೆ ಇಳಿಯಬೇಡಿ.

ಇಳಿಯುವ ಜಾಗದಲ್ಲಿ ಅವತ್ತು ತೆಪ್ಪಕ್ಕೆ ಅನುಮತಿ ಇದೆಯೇ ಅಂತಲೂ ಕೇಳಿ. ಡ್ಯಾಮಿನಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ. ಡ್ಯಾಮಿನ ಗೇಟಿನ ಕಡೆ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಹೋಗಲೇಬೇಡಿ. ಆ ಜಾಗವನ್ನು ನಕ್ಷೆಯಲ್ಲಿ ಕೆಂಪು ಗುರುತು ಹಾಕಿಟ್ಟುಕೊಳ್ಳಿ.

ಹಂತ 7: ದಡದ ಮೇಲಿನ ಕೊನೆಯ ಹತ್ತು ನಿಮಿಷ

ನೀರಿಗೆ ಇಳಿಯುವ ಮುಂಚೆ, ನೆಟ್‌ವರ್ಕ್ ಇರುವಾಗಲೇ ನಕ್ಷೆ ತೆರೆದು ಜಿಪಿಎಸ್ ಹಿಡಿಯಲು ಬಿಡಿ. ನೆಟ್‌ವರ್ಕ್ ಇದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಫೋನ್ ಇಂಟರ್ನೆಟ್‌ನಿಂದ ಬೇಗ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು, ಅದಕ್ಕೆ ನಿಮಿಷಗಟ್ಟಲೆ ಹಿಡಿಯಬಹುದು. ತೆರೆದ ಆಕಾಶದ ಕೆಳಗೆ ಫೋನ್ ನಿಮ್ಮ ಜಾಗವನ್ನು ಐದು ಮೀಟರ್ ಆಸುಪಾಸಿಗೆ ಹೇಳುತ್ತದೆ. ದೊಡ್ಡ ಬಂಡೆಗಳ ಪಕ್ಕದಲ್ಲಿ ಸಿಗ್ನಲ್ ಬಡಿದು ಬರುವುದರಿಂದ ಚುಕ್ಕಿ ಅತ್ತಿತ್ತ ಜಿಗಿಯುತ್ತದೆ. ಅದಕ್ಕೆ ಗಾಬರಿ ಬೇಡ.

ಆಮೇಲೆ ಈ ಕ್ರಮ: ಇಳಿಯುವ ಜಾಗ ಗುರುತು ಮಾಡಿ. ರೆಕಾರ್ಡಿಂಗ್ ಶುರು ಮಾಡಿ. ಲೈವ್ ಲೊಕೇಶನ್ ಕಳಿಸಿ. ವಾಟ್ಸಾಪ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರೇ ಆಯ್ಕೆ. ಒಂದೇ ಗಂಟೆ ತಿರುಗುತ್ತೇವೆ ಅಂತ 1 ಗಂಟೆ ಒತ್ತುವುದು ಎಲ್ಲರೂ ಮಾಡುವ ತಪ್ಪು. ವಾಪಸ್ ಬರುವುದು ತಡವಾದಾಗಲೇ ತಾನೆ ಅದು ಬೇಕಾಗುವುದು? 8 ಗಂಟೆ ಒತ್ತಿ, ದಡ ಸೇರಿದ ಮೇಲೆ ನೀವೇ ನಿಲ್ಲಿಸಿ. ಕೊನೆಗೆ ದಡದ ಮನುಷ್ಯನಿಗೆ ಫೋನ್ ಮಾಡಿ, "ಚುಕ್ಕಿ ಕಾಣ್ತದೇನು? ಎಲ್ಲಿ ಐತಿ?" ಅಂತ ಅವರ ಬಾಯಿಂದಲೇ ಹೇಳಿಸಿ.

ಪೌಚನ್ನು ತೆಪ್ಪಕ್ಕೆ ಕಟ್ಟಬೇಡಿ, ಲೈಫ್ ಜಾಕೆಟ್ಟಿಗೆ ಕಟ್ಟಿಕೊಳ್ಳಿ. ತೆಪ್ಪ ಮಗುಚಿದರೆ ಅದು ಒಂದು ಕಡೆ, ನೀವು ಒಂದು ಕಡೆ. ಫೋನ್ ನಿಮ್ಮ ಜೊತೆ ಇರಬೇಕು.

ಹಂತ 8: ನೀರಿನ ಮೇಲೆ

ಇಲ್ಲಿ ಮಾಡುವ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು. ಸ್ಕ್ರೀನ್ ಆರಿಸಿ ಇಡಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೋಡಿ: ರೆಕಾರ್ಡಿಂಗ್ ನಡೆಯುತ್ತಿದೆಯೇ, ಬ್ಯಾಟರಿ ಎಷ್ಟು, ಸಿಗ್ನಲ್ ಇದೆಯೇ. ರೀಲ್ಸ್ ಮಾಡುವುದಿದ್ದರೆ ಎರಡನೇ ಫೋನಿನಲ್ಲಿ ಮಾಡಿ, ಟ್ರ್ಯಾಕಿಂಗ್ ಫೋನ್ ಮುಟ್ಟಬೇಡಿ.

ನಮ್ಮ ಕಡೆ ಫೋನಿಗೆ ನೀರಿಗಿಂತ ಬಿಸಿಲಿನ ಕಾಟ ಜಾಸ್ತಿ. ಪ್ಲಾಸ್ಟಿಕ್ ಪೌಚಿನೊಳಗೆ, ರಾಯಚೂರಿನ ಬಿಸಿಲಿನಲ್ಲಿ, ಜಿಪಿಎಸ್ ನಡೆಯುತ್ತಿರುವ ಫೋನ್ ಕೆಲವೇ ನಿಮಿಷದಲ್ಲಿ ಸುಡುವಷ್ಟು ಕಾಯುತ್ತದೆ. ಮೊದಲು ಸ್ಕ್ರೀನ್ ತಾನಾಗಿಯೇ ಮಂಕಾಗುತ್ತದೆ. ಆಮೇಲೆ ಚಾರ್ಜ್ ಏರುವುದು ನಿಲ್ಲುತ್ತದೆ. ಕೊನೆಗೆ ತಾಪಮಾನದ ಎಚ್ಚರಿಕೆ ತೋರಿಸಿ ಫೋನ್ ಆಫ್ ಆಗುತ್ತದೆ. ಸ್ಕ್ರೀನ್ ಮಂಕಾದ ಕೂಡಲೇ ಪೌಚನ್ನು ನೆರಳಿಗೆ ಹಾಕಿ, ಮೇಲೆ ಒದ್ದೆ ಟವೆಲ್ ಹೊದಿಸಿ. ಪವರ್ ಬ್ಯಾಂಕ್ ಹಾಕಿದ್ದರೆ ಕಿತ್ತುಬಿಡಿ, ಚಾರ್ಜ್ ಆಗುವಾಗ ಫೋನ್ ಇನ್ನೂ ಕಾಯುತ್ತದೆ. ಬೆಳಿಗ್ಗೆ ಬೇಗ ಹೋಗಿ ಬರುವುದು ಫೋನಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಪೌಚಿನ ಮೇಲೆ ಹನಿ ನಿಂತರೆ ಟಚ್ ಹುಚ್ಚುಹುಚ್ಚಾಗಿ ಆಡುತ್ತದೆ. ಒತ್ತದೆ ಇದ್ದುದು ಒತ್ತಿಕೊಳ್ಳುತ್ತದೆ, ಒತ್ತಿದ್ದು ಕೇಳಿಸುವುದಿಲ್ಲ. ಒಣ ಬಟ್ಟೆಯಿಂದ ಒರೆಸಿ, ಬೆರಳೂ ಒರೆಸಿಕೊಂಡು ಆಮೇಲೆ ಮುಟ್ಟಿ.

ನಕ್ಷೆಯಲ್ಲಿ ಕಾಣುವ ದಿಕ್ಕಿನ ಬಾಣವನ್ನು ತೆಪ್ಪದಲ್ಲಿ ನಂಬಬೇಡಿ. ತೆಪ್ಪ ದುಂಡಗಿದೆ, ತಿರುಗುತ್ತಲೇ ಇರುತ್ತದೆ. ಪ್ರವಾಸಿಗರ ಖುಷಿಗೆ ಅಂಬಿಗರು ಬೇಕೆಂದೇ ಗರಗರ ತಿರುಗಿಸುತ್ತಾರೆ. ಆ ಬಾಣ ಫೋನ್ ಯಾವ ಕಡೆ ಮುಖ ಮಾಡಿದೆ ಅಂತ ಹೇಳುತ್ತದೆ, ತೆಪ್ಪ ಎತ್ತ ಸಾಗುತ್ತಿದೆ ಅಂತ ಅಲ್ಲ. ಪೌಚಿನ ಬಾಯಿಗೆ ಅಯಸ್ಕಾಂತ ಇದ್ದರೆ ಬಾಣ ಇನ್ನೂ ತಪ್ಪುತ್ತದೆ. ಎತ್ತ ಸಾಗುತ್ತಿದ್ದೀರಿ ಅನ್ನುವುದಕ್ಕೆ ಹಿಂದೆ ಬಿದ್ದ ಗೆರೆಯನ್ನು ನೋಡಿ.

ಎಚ್ಚರಿಕೆಯ ಗುರುತುಗಳು ಇವು. ಹುಟ್ಟು ಹಾಕುವುದು ನಿಲ್ಲಿಸಿದರೂ ನಕ್ಷೆಯಲ್ಲಿ ವೇಗ ಇಳಿಯದಿದ್ದರೆ ನಿಮ್ಮನ್ನು ಸೆಳವು ಒಯ್ಯುತ್ತಿದೆ. ದಡದ ಕಡೆ ಹುಟ್ಟು ಹಾಕುತ್ತಿದ್ದರೂ ಗೆರೆ ದಡದಿಂದ ದೂರ ಹೋಗುತ್ತಿದ್ದರೆ ಗಾಳಿ ಗೆಲ್ಲುತ್ತಿದೆ. ಜೂನ್, ಜುಲೈನಲ್ಲಿ ಪಡುವಣ ಗಾಳಿ ಬೀಸುವಾಗ ವಿಶಾಲ ಹಿನ್ನೀರಿನಲ್ಲಿ ಏಳುವ ಅಲೆ ಸಣ್ಣ ತೆಪ್ಪಕ್ಕೆ ಆಟವಲ್ಲ. ಬ್ಯಾಟರಿ 30 ಪರ್ಸೆಂಟಿಗೆ ಇಳಿದರೆ ತಿರುಗಿ ಬನ್ನಿ. ಅಂಬಿಗರು ಬೇಡ ಅಂದರೆ ನಕ್ಷೆ ಏನೇ ಹೇಳಲಿ, ಬೇಡ. ಆ ನೀರನ್ನು ದಿನಾ ನೋಡುವವರು ಅವರು.

ಫೋನ್ ನೀರಿಗೆ ಬಿದ್ದರೆ ಅದರ ಹಿಂದೆ ಹಾರಬೇಡಿ. ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆ ಇವೆ.

ಹಂತ 9: ಚುಕ್ಕಿ ಓದುವುದು (ದಡದ ಮನುಷ್ಯನಿಗೆ)

ಈ ಭಾಗವನ್ನು ದಡದಲ್ಲಿ ಕೂರುವವರಿಗೆ ಕಳಿಸಿ. ಚುಕ್ಕಿ ಎಲ್ಲಿದೆ ಅನ್ನುವುದಕ್ಕಿಂತ ಮುಂಚೆ ಅದು ಯಾವಾಗಿನದ್ದು ಅಂತ ನೋಡಬೇಕು. ಚುಕ್ಕಿಯ ಪಕ್ಕದಲ್ಲೋ ಹೆಸರಿನ ಕೆಳಗೋ ಎಷ್ಟು ನಿಮಿಷದ ಹಿಂದಿನದ್ದು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಹಳ ಮಂದಿ ಅದನ್ನು ಓದುವುದೇ ಇಲ್ಲ.

ಚುಕ್ಕಿ ನಿಂತಿದೆ, ಸಮಯ ಈಗಿನದ್ದು: ತೆಪ್ಪ ನಿಜವಾಗಿ ನಿಂತಿದೆ. ನೀರಿನ ನಡುವೆ ತುಂಬಾ ಹೊತ್ತು ನಿಂತಿದ್ದರೆ ಫೋನ್ ಮಾಡಿ.

ಚುಕ್ಕಿ ನಿಂತಿದೆ, ಸಮಯ ಹಳೆಯದು: ನೆಟ್‌ವರ್ಕ್ ಹೋಗಿದೆ, ಇಲ್ಲವೇ ಫೋನ್ ಆರಿದೆ. ಇದು ಆಗಾಗ ಆಗುವಂಥದ್ದು. ಒಂದು ಸಾದಾ ಎಸ್ಸೆಮ್ಮೆಸ್ ಹಾಕಿ, ಡೇಟಾ ಸಿಗದಲ್ಲೂ ಅದು ಹೋಗುವುದುಂಟು. ಕೊನೆಯ ಜಾಗ ಮತ್ತು ಸಮಯವನ್ನು ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹಂಚಿಕೆಯ ಅವಧಿ ಮುಗಿದರೆ ಆ ಚುಕ್ಕಿ ಅಳಿಸಿಹೋಗಬಹುದು. ಹುಡುಕುವವರು ಅಲ್ಲಿಂದಲೇ ಶುರು ಮಾಡಿ ಹರಿವಿನ ಕೆಳಗೆ ಹೋಗುತ್ತಾರೆ.

ಚುಕ್ಕಿ ನಡೆಯುವ ಮನುಷ್ಯನಿಗಿಂತ ಜೋರಾಗಿ ಹರಿವಿನ ಕೆಳಗೆ ಹೋಗುತ್ತಿದೆ: ಹುಟ್ಟು ಹಾಕುವ ತೆಪ್ಪ ಅಷ್ಟು ಓಡುವುದಿಲ್ಲ. ತಡ ಮಾಡದೆ ಫೋನ್ ಮಾಡಿ, ಎತ್ತದಿದ್ದರೆ ನೇರ 112.

ಹೇಳಿದ ಗಂಟೆ ಮೀರಿತು, ಚುಕ್ಕಿ ಎಲ್ಲೇ ಇರಲಿ: ಮೆಸೇಜಿನಲ್ಲಿ ಬರೆದಂತೆ ಮಾಡಿ.

ಹಂತ 10: ಸಹಾಯ ಬೇಕಾದರೆ ಜಾಗ ಹೇಳುವುದು ಹೇಗೆ

112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗಬಹುದು. ಮೊದಲ ಮಾತೇ ಊರು, ತಾಲ್ಲೂಕು, ಜಿಲ್ಲೆ ಆಗಿರಲಿ. ನಮ್ಮಲ್ಲಿ ಹೊಳೆಯೇ ಎಷ್ಟೋ ಕಡೆ ಗಡಿ. ಆಚೆ ದಡ ಇನ್ನೊಂದು ಜಿಲ್ಲೆ, ರಾಯಚೂರು ಕಡೆ ಕೆಲವು ಕಡೆ ಇನ್ನೊಂದು ರಾಜ್ಯ. ಫೋನ್ ಆಚೆ ದಡದ ಟವರ್ ಹಿಡಿದಿದ್ದರೆ ಕರೆಯೂ ಆಚೆಗೆ ಹೋಗಬಹುದು. ಯಾವ ದಂಡೆಗೆ ಹತ್ತಿರ ಇದ್ದೀರಿ ಅಂತ ಹೇಳಿ. ಕೃಷ್ಣೆಯ ನಡುಗಡ್ಡೆ ಕುರುವಪುರಕ್ಕೆ ಹೋಗುವವರು ಯಾವ ದಡದಿಂದ ಹತ್ತಿದಿರಿ ಅಂತ ಹೇಳಲೇಬೇಕು. ತಪ್ಪು ದಂಡೆಗೆ ಬಂದ ರಕ್ಷಣಾ ವಾಹನ ಸೇತುವೆ ಸುತ್ತಿ ಬರುವುದರೊಳಗೆ ಹೊತ್ತು ಹೋಗಿರುತ್ತದೆ.

ಆಮೇಲೆ ನಕ್ಷೆಯಲ್ಲಿ ಚುಕ್ಕಿಯ ಮೇಲೆ ಒತ್ತಿ ಹಿಡಿದರೆ ಬರುವ ಎರಡು ಸಂಖ್ಯೆ ಓದಿ. ನಮ್ಮ ಹೊಳೆದಂಡೆಯ ಬಹುಪಾಲು ಜಾಗಕ್ಕೆ ಮೊದಲ ಸಂಖ್ಯೆ 15 ಅಥವಾ 16ರಿಂದ, ಎರಡನೆಯದು 76 ಅಥವಾ 77ರಿಂದ ಶುರುವಾಗುತ್ತದೆ. ಆನೆಗೊಂದಿ ಸುಮಾರು 15.35, 76.49. ಇದನ್ನು ತಿರುಗಾಮುರುಗಾ ಹೇಳಿದರೆ ನಕ್ಷೆ ಉತ್ತರ ಧ್ರುವದ ಕಡೆಯ ಸಮುದ್ರ ತೋರಿಸುತ್ತದೆ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ, ಯಾಕೆಂದರೆ ಅದು ನೋಡಿದರೆ ಸರಿಯೇ ಅನ್ನಿಸುತ್ತದೆ. 15.35 ಅನ್ನುವುದನ್ನು "15 ಡಿಗ್ರಿ 35 ನಿಮಿಷ" ಅಂತ ಹೇಳುವುದು. 15.35 ಡಿಗ್ರಿ ಅಂದರೆ 15 ಡಿಗ್ರಿ 21 ನಿಮಿಷ. ಒಂದು ನಿಮಿಷಕ್ಕೆ 1.852 ಕಿಲೋಮೀಟರ್. 14 ನಿಮಿಷ ತಪ್ಪಿದರೆ ಸುಮಾರು 26 ಕಿಲೋಮೀಟರ್ ಉತ್ತರಕ್ಕೆ ಹುಡುಕುತ್ತಾರೆ. "ಹದಿನೈದು ಪಾಯಿಂಟ್ ಮೂರು ಐದು" ಅಂತ ಅಂಕಿ ಅಂಕಿಯಾಗಿ ಓದಿ, ಪಾಯಿಂಟ್ ಆದ ಮೇಲೆ ನಾಲ್ಕು ಅಂಕಿ ಓದಿ. ನಾಲ್ಕನೇ ಅಂಕಿಯವರೆಗೆ ಹೇಳಿದರೆ ಸುಮಾರು 11 ಮೀಟರ್ ಒಳಗೆ ಸಿಗುತ್ತೀರಿ. ಅದನ್ನೇ ದಡದ ಮನುಷ್ಯನಿಗೆ ಎಸ್ಸೆಮ್ಮೆಸ್ ಮಾಡಿ. ಆಮೇಲೆ ಸೀಟಿ ಊದಿ. ಹತ್ತಿರ ಬಂದವರಿಗೆ ಸಂಖ್ಯೆಗಿಂತ ಸದ್ದು ಬೇಗ ದಾರಿ ತೋರಿಸುತ್ತದೆ.

ಕಡಲಿಗೆ ಹೋದಾಗ

ಮಲ್ಪೆ, ಮುರ್ಡೇಶ್ವರ, ಕಾರವಾರದಲ್ಲಿ ದೋಣಿ ಹತ್ತುವಾಗ ಎಐಎಸ್ ಆ್ಯಪ್ ಉಪಯೋಗಕ್ಕೆ ಬರುತ್ತದೆ, ದೊಡ್ಡ ಹಡಗುಗಳು ಯಾವ ಕಡೆ ಸಾಗುತ್ತಿವೆ ಅಂತ ತಿಳಿಯುವುದಕ್ಕೆ. ಆದರೆ ಅದರಲ್ಲಿ ಕಾಣುವುದು ಹಡಗು ಈಗ ಇರುವ ಜಾಗ ಅಲ್ಲ, ಕೊನೆಯ ಸಲ ಸಿಕ್ಕ ಜಾಗ. ಹಡಗಿನ ಮೇಲೆ ಒತ್ತಿ ಎಷ್ಟು ಹೊತ್ತಿನ ಹಿಂದಿನದ್ದು ಅಂತ ಓದಿ. ಎಐಎಸ್ ಕಡ್ಡಾಯ ಇರುವುದು ದೊಡ್ಡ ಹಡಗುಗಳಿಗೆ, ಅಂತರರಾಷ್ಟ್ರೀಯ ಯಾನದಲ್ಲಿ 300 ಟನ್ನೇಜ್ ಮತ್ತು ಮೇಲ್ಪಟ್ಟವಕ್ಕೆ. ಸಣ್ಣ ಮೀನುಗಾರಿಕೆ ದೋಣಿಗಳು ಎಷ್ಟೋ ಅದರಲ್ಲಿ ಕಾಣುವುದೇ ಇಲ್ಲ. ನಕ್ಷೆ ಖಾಲಿ ಇದೆ ಅಂದರೆ ಕಡಲು ಖಾಲಿ ಇದೆ ಅಂತ ಅಲ್ಲ, ಕಣ್ಣು ಮುಂದೆಯೇ ಇರಲಿ. ಕಡಲಿನಲ್ಲಿ ಸಹಾಯಕ್ಕೆ ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ 1093. ಉಳಿದ ಹಂತಗಳೆಲ್ಲ ಅಲ್ಲೂ ಇವೇ.

ಹಂತ 11: ದಡ ಸೇರಿದ ಮೇಲೆ

ಮೊದಲು ದಡದ ಮನುಷ್ಯನಿಗೆ ಫೋನ್. ಚಹಾ, ಮಿರ್ಚಿ ಎಲ್ಲ ಆಮೇಲೆ. ನೀವು ಮರೆತು ಚಹಾ ಕುಡಿಯುತ್ತಾ ಕೂತರೆ ಅವರು 112ಕ್ಕೆ ಕರೆ ಮಾಡಿರುತ್ತಾರೆ, ಮುಂದಿನ ಸಲ ಕರೆ ಮಾಡಲು ಹಿಂಜರಿಯುತ್ತಾರೆ. ಆಮೇಲೆ ಲೈವ್ ಲೊಕೇಶನ್ ನಿಲ್ಲಿಸಿ, ಇಲ್ಲದಿದ್ದರೆ ದಿನವಿಡೀ ನೀವು ಎಲ್ಲೆಲ್ಲಿ ಹೋದಿರಿ ಅಂತ ಅವರಿಗೆ ಕಾಣುತ್ತಲೇ ಇರುತ್ತದೆ. ರೆಕಾರ್ಡಿಂಗ್ ನಿಲ್ಲಿಸಿ, ಜಾಗದ ಹೆಸರು, ದಿನ, ಜಲಾಶಯದ ಮಟ್ಟ ಬರೆದು ಉಳಿಸಿ. ಹೊಸದಾಗಿ ಕಂಡ ಬಂಡೆ, ಬಲೆ ಕಟ್ಟಿದ ಗೂಟಗಳನ್ನು ನೆನಪಿರುವಾಗಲೇ ಗುರುತು ಮಾಡಿ. ಮುಂದಿನ ಸಲ ಅದೇ ಗೆರೆ ಹಿಡಿದು ಹೋಗಬಹುದು.

ಪೌಚಿನಿಂದ ಫೋನ್ ತೆಗೆಯುವ ಮುಂಚೆ ಪೌಚಿನ ಹೊರಗನ್ನು, ಮುಖ್ಯವಾಗಿ ಬಾಯಿಯ ಮಡಿಕೆಯನ್ನು ಒಣ ಬಟ್ಟೆಯಿಂದ ಒರೆಸಿ. ನೀರಿನ ಮೇಲೆ ಒದ್ದೆಯಾಗದ ಫೋನ್ ಈ ಹೊತ್ತಿನಲ್ಲೇ ಒದ್ದೆಯಾಗುವುದು ಜಾಸ್ತಿ. ಚಾರ್ಜಿಂಗ್ ತೂತಿಗೆ ನೀರು ಹೋಗಿದೆ ಅನ್ನಿಸಿದರೆ ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿ ಆಡುವ ನೆರಳಿನಲ್ಲಿ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಅಕ್ಕಿಯ ಪುಡಿ ಒಳಗೆ ಹೋಗಿ ಇನ್ನಷ್ಟು ಕೆಡುತ್ತದೆ. ಪೂರ್ತಿ ಒಣಗಿದೆ ಅಂತ ಖಾತ್ರಿ ಆಗುವವರೆಗೆ ಚಾರ್ಜರ್ ಚುಚ್ಚಬೇಡಿ.